ಹಸಿರು ವಾಂತಿ

ಮೈನೆರೆದ ಮೇಲೆ ನನ್ನ ಬೆನ್ನು ಬಲಕ್ಕೆ ಬಾಗುತ್ತಾ ಹೋಯಿತು. ಹದಿನೇಳರ ಹೊತ್ತಿಗೆ ಒಂದು ಭುಜ ಎತ್ತರ, ಇನ್ನೊಂದು ತಗ್ಗು. ಎಪ್ಪತ್ತರ ದಶಕದ ಮಾತು. ಅಪ್ಪ ಹೊನ್ನೂರಿನಿಂದ ನನ್ನನ್ನು ಬೆಂಗಳೂರಿನ ಆಸ್ಪತ್ರೆಯೊಂದಕ್ಕೆ ಕರೆದೊಯ್ದರು. ಅಲ್ಲಿ ಬೆನ್ನು ಕೊಯ್ದು, ಉಕ್ಕಿನ ಸರಳು ಹಾಕಿ ಎಳೆದು ನೇರ ಮಾಡಿದರು. ಕುತ್ತಿಗೆಯಿಂದ ಸೊಂಟದವರೆಗೆ ಪ್ಲಾಸ್ಟರ್ ಸುತ್ತಿ ಮನೆಗೆ ಕಳಿಸಿದರು. ನೀರು ತಾಗಿಸಬೇಡಿ ಎಂದರು, ಎದ್ದು ಓಡಾಡಬೇಡಿ ಎಂದರು. ಹೊಟ್ಟೆಯ ವಿಷಯ ಯಾರೂ ಎತ್ತಲಿಲ್ಲ.

ಮನೆಗೆ ಬಂದ ಸ್ವಲ್ಪ ದಿನಕ್ಕೇ ವಾಂತಿ ಶುರುವಾಯಿತು. ಎರಡು ತುತ್ತು ತಿಂದರೆ ಸಾಕು, ಪ್ಲಾಸ್ಟರಿನೊಳಗೆ ಹೊಟ್ಟೆ ಉಬ್ಬಿ ಬಿಗಿಯುತ್ತಿತ್ತು. ಆಮೇಲೆ ಮಲಗಿದಲ್ಲೇ ಕತ್ತು ಹೊರಳಿಸಿ ಎಲ್ಲ ಕಕ್ಕಿಬಿಡುತ್ತಿದ್ದೆ.

ನಮ್ಮದು ಕೂಡುಕುಟುಂಬ. ಯಜಮಾನಿಕೆ ಅಪ್ಪನ ಅಣ್ಣನ ಹೆಂಡತಿ ದೊಡ್ಡವ್ವನದು. ಅವಳು ಬಾಗಿಲಲ್ಲಿ ನಿಂತು, ನನಗೆ ಕೇಳಿಸುವಂತೆಯೇ ಅವ್ವನಿಗೆ ಹೇಳಿದಳು:

"ಮದ್ವೆ ಆಗ್ದಿರೋ ಕೂಸು. ಗಂಡಸ್ರು ಎತ್ತಿ ಇಳ್ಸೋ ಆಸ್ಪತ್ರೇಲಿ ಅಷ್ಟು ದಿನ ಬಿದ್ದಿದ್ಲು. ಈಗ ನೋಡುದ್ರೆ ಉಂಡಿದ್ದೆಲ್ಲಾ ಕಕ್ತಾವ್ಳೆ. ನೀನು ಜೊತೇಲಿ ಕಾವ್ಲು ಕೂತಿದ್ದು ಈ ಚಂದಕ್ಕಾ?"

ಅವ್ವ ತಲೆ ತಗ್ಗಿಸಿದಳು. ಹಿಂದಿನ ವಾರವಷ್ಟೇ ನಾನು ಮುಟ್ಟಾಗಿದ್ದೆ. ಬಗ್ಗಲಾರದ ನನಗೆ ಬಟ್ಟೆ ಕಟ್ಟಿದವಳು, ಬಿಚ್ಚಿ ಒಗೆದವಳು ಅವ್ವನೇ. ಒಂದು ಮಾತು ಸಾಕಿತ್ತು. ಆಡಲಿಲ್ಲ.

ಮಾರನೆಯ ದಿನ ದೊಡ್ಡವ್ವ ಸೂಲಗಿತ್ತಿಯನ್ನು ಕರೆಸಿದಳು. ಆ ಮುದುಕಿ ಪ್ಲಾಸ್ಟರಿನ ಅಂಚಿನಿಂದ ಕೈ ತೂರಿಸಿ ನನ್ನ ಕಿಬ್ಬೊಟ್ಟೆ ಅಮುಕಿದಳು. "ಈ ಗಾರೆ ಒಳಗೆ ಏನ್ ಗೊತ್ತಾದದು ಕಣವ್ವಾ" ಎಂದು ಕೈ ಒರೆಸಿಕೊಂಡಳು. ಆಮೇಲೆ ಯಳಂದೂರಿನಿಂದ ಡಾಕ್ಟರು ಬಂದರು. ಓದಿದ ಮನುಷ್ಯ. ನನ್ನ ಕಡೆ ನೋಡದೆ ಅಪ್ಪನನ್ನು ಕೇಳಿದರು: "ಹುಡುಗಿ ನಡತೆ ಹೇಗೆ?"

ಅಪ್ಪ ನೆಲ ನೋಡಿದರು. ನನ್ನನ್ನು ಒಬ್ಬರೂ ಏನೂ ಕೇಳಲಿಲ್ಲ.

ಡಾಕ್ಟರು ಇನ್ನೂ ಅಲ್ಲೇ ಇದ್ದಾಗ ಮತ್ತೆ ವಾಂತಿ ಬಂತು. ಹೊಟ್ಟೆಯಲ್ಲಿ ಅನ್ನವಿರಲಿಲ್ಲ, ಬಂದದ್ದು ಬರೀ ಕಡುಹಸಿರು ನೀರು. ಅವ್ವ ಬೋಗುಣಿ ಎತ್ತಿಕೊಳ್ಳಲು ಬಂದಳು. ನಾನು ಅದರ ಅಂಚು ಬಿಡಲಿಲ್ಲ.

"ಅಪ್ಪಾ, ಬಾ ಇಲ್ಲಿ, ನೋಡು ಇದ! ಬಸ್ರಿ ವಾಂತಿ ಇಂಗಿರ್ತದಾ? ಓದ್ ವಾರ ಮುಟ್ಟಾಗಿದ್ದೆ ನಾನು. ಅವ್ವನೇ ಬಟ್ಟೆ ಒಗ್ದವ್ಳೆ. ಕೇಳು ಅವಳ್ನ!"

ಅವ್ವ ಬಾಯಿಗೆ ಸೆರಗಿಟ್ಟು ಹೌದೆಂದು ತಲೆಯಾಡಿಸಿದಳು. ಅಪ್ಪ ಕೊಳ್ಳೇಗಾಲಕ್ಕೆ ಆಳು ಕಳಿಸಿ ಕಾರು ತರಿಸಿದರು.

ಬೆಂಗಳೂರಿನಲ್ಲಿ ಪ್ಲಾಸ್ಟರ್ ಕತ್ತರಿಸಿ ನನ್ನನ್ನು ಬೋರಲು ಮಲಗಿಸಿದರು. ಮೂಗಿನಿಂದ ನಳಿಕೆ ಇಳಿಸಿ ಆ ಹಸಿರನ್ನೆಲ್ಲ ಹೊರಗೆಳೆದರು. ಬೆನ್ನು ನೇರವಾದಾಗ ಒಳಗೊಂದು ರಕ್ತನಾಳ ಬಿಗಿದು, ಕರುಳಿನ ಮೇಲ್ಭಾಗವನ್ನು ಬೆನ್ನುಮೂಳೆಗೆ ಒತ್ತಿ ಹಿಡಿದಿದೆ, ಅನ್ನ ಕೆಳಗಿಳಿಯಲು ದಾರಿಯಿಲ್ಲ ಎಂದು ಅಲ್ಲಿನ ಸರ್ಜನ್ ವಿವರಿಸಿದರು.

"ಕೆಲವರಿಗೆ ಹೀಗಾಗುತ್ತೆ. ತೆಳ್ಳಗಿರೋರಿಗೆ ಜಾಸ್ತಿ."

"ಮೊದ್ಲೇ ಯಾಕೆ ಏಳ್ನಿಲ್ಲ ಸಾ?" ಎಂದೆ, ಮೂಗಿನಲ್ಲಿ ನಳಿಕೆ ಇಟ್ಟುಕೊಂಡೇ.

ಅವರು ನರ್ಸ್ ಕಡೆ ತಿರುಗಿ ಇಂಗ್ಲಿಷಿನಲ್ಲಿ ಏನೋ ಹೇಳಿದರು.

ಎಡಮಗ್ಗುಲಲ್ಲಿ ಮಲಗಿ, ಚಮಚ ಚಮಚವಾಗಿ ಗಂಜಿ ಕುಡಿದು ಚೇತರಿಸಿಕೊಂಡೆ. ಸಡಿಲವಾದ ಹೊಸ ಪ್ಲಾಸ್ಟರ್ ಹಾಕಿದರು. ತಿಂಗಳುಗಳ ನಂತರ ಅದೂ ಹೋಯಿತು. ಒಂದು ದಿನ ಕುಂತೂರಿನ ನೆಂಟರು ಬಂದಿದ್ದಾಗ ದೊಡ್ಡವ್ವ ನನ್ನ ಬೆನ್ನು ಸವರಿದಳು.

"ನಮ್ ಕೂಸು ಎಂಗೆ ನೆಟ್ಗಾಗವ್ಳೆ ನೋಡ್ರಿ. ಇನ್ನ ಒಳ್ಳೆ ಗಂಡು ಹುಡುಕ್ಬೇಕು."

"ಬಸ್ರಿ ಅಂತ ಅಂದಿದ್ನೂ ಇವ್ರಿಗೆ ಏಳು ದೊಡ್ಡವ್ವಾ" ಎಂದೆ.

"ದೊಡ್ಡೋರ ಮುಂದೆ ಇಂಗಾ ಮಾತಾಡದು?" ಎಂದು ಅಪ್ಪ ನನ್ನನ್ನೇ ಗದರಿದರು. ಡಾಕ್ಟರ ಮುಂದೆ ಸಿಗದೇ ಹೋಗಿದ್ದ ದನಿ ಅವತ್ತು ಅವರಿಗೆ ಚೆನ್ನಾಗಿಯೇ ಸಿಕ್ಕಿತ್ತು.

ದೊಡ್ಡವ್ವ ಸಾಯುವವರೆಗೂ ಬಸಿರಿನ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನಾನೂ ಅವಳ ಕೈಯಿಂದ ಒಂದು ಲೋಟ ಮಜ್ಜಿಗೆಯನ್ನೂ ಇಸಿದುಕೊಳ್ಳಲಿಲ್ಲ.