ಕುರಿ ಎಲ್ಲದಾವ ಅಂತ ನನ್ನನ್ನು ಕೇಳಬೇಡಿ

ನನ್ನ ಬ್ಲಾಗನ್ನು ಯಾರು ಓದುತ್ತಾರೋ ನನಗೆ ಸರಿಯಾಗಿ ಗೊತ್ತಿಲ್ಲ. ಯಾರು ಓದುವುದಿಲ್ಲ ಎಂಬುದು ಮಾತ್ರ ಚೆನ್ನಾಗಿ ಗೊತ್ತು: ನಮ್ಮ ಮನೆಯವರು. ರಾಯಚೂರಿನ ಬಾಡಿಗೆ ಮನೆಯಲ್ಲಿ ಕುಳಿತು, ಫೋನು ಹಿಡಿದ ಸಾಮಾನ್ಯ ಜನರಿಗೆ ಉಪಯೋಗವಾಗಲಿ ಎಂದು ಏನೇನೋ ಬರೆಯುತ್ತಿರುತ್ತೇನೆ. ಗೊತ್ತಿಲ್ಲದ ಲಿಂಕ್ ಒತ್ತಬೇಡಿ. ಫೋಟೋ ಹಾಕುವ ಮುಂಚೆ ಅದನ್ನು ಸಣ್ಣದು ಮಾಡಿ, ಇಲ್ಲದಿದ್ದರೆ ಸಿಗ್ನಲ್ ಕಡಿಮೆ ಇರುವ ಊರಲ್ಲಿ ಪುಟ ತೆರೆಯುವುದೇ ಇಲ್ಲ. ತಲೆಬರಹದಲ್ಲಿ ಕವಿತ್ವ ಬೇಡ, ಜನ ಯಾವ ಪದ ಹಾಕಿ ಹುಡುಕುತ್ತಾರೋ ಆ ಪದ ಇರಲಿ. ಇದೆಲ್ಲಕ್ಕಿಂತ ಹೆಚ್ಚು ಸಲ, ಎಷ್ಟು ಸಲ ಎಂದು ನೆನಪಿಲ್ಲ, ಒಂದು ಮಾತು ಬರೆದಿದ್ದೇನೆ: ನೀವು ಎಲ್ಲಿದ್ದೀರಿ ಎಂಬುದನ್ನು ಅಲ್ಲಿಂದ ಹೊರಟ ಮೇಲೆ ಜಗತ್ತಿಗೆ ತಿಳಿಸಿ, ಅಲ್ಲಿ ಇರುವಾಗಲೇ ಬೇಡ.

ಆ ಮಾತನ್ನು ನನ್ನ ಚಿಕ್ಕಪ್ಪನ ಮಗನ ಹೆಂಡತಿ ದಿನಾ ಸಂಜೆ ಮುರಿಯುತ್ತಿದ್ದಳು.

ನಮ್ಮದು ದೇವದುರ್ಗದ ಕಡೆಯ ಕುರಿ ಕಾಯುವ ಮನೆತನ. ನಾನು ವಿಶ್ವವಿದ್ಯಾಲಯಕ್ಕೆ ಹೋಗಿ, ಯಾರು ಏನು ಹೇಳಿದರೂ ‘ಪುರಾವೆ ಎಲ್ಲಿ’ ಎಂದು ಕೇಳುವ ಚಟ ಹಚ್ಚಿಕೊಂಡು ಬಂದೆ. ತಮ್ಮ, ಅಂದರೆ ಚಿಕ್ಕಪ್ಪನ ಮಗ, ಕುರಿ ಹಿಡಿದ. ಸುಗ್ಗಿ ಮುಗಿದ ಮೇಲೆ ಗಂಡ ಹೆಂಡತಿ ಇಬ್ಬರೂ ಮಂದೆ ಹೊಡೆದುಕೊಂಡು ಹೊಲದಿಂದ ಹೊಲಕ್ಕೆ ಹೋಗುತ್ತಾರೆ. ಕರೆದ ರೈತನ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸುತ್ತಾರೆ. ಹೊಲಕ್ಕೆ ಹಿಕ್ಕಿ ಗೊಬ್ಬರ ಬೀಳುತ್ತದೆ, ಇವರಿಗೆ ಕಾಳುಕಡಿ ಸಿಗುತ್ತದೆ, ಕುರಿಗಳಿಗೆ ಮೇವು. ಒಂದು ಹೊಲ ಮುಗಿಯುವುದರೊಳಗೆ ಇನ್ನೊಬ್ಬ ರೈತ ಕರೆಯಬೇಕು. ಕರೆಯದಿದ್ದರೆ ಮಂದೆಯನ್ನು ರಸ್ತೆಯ ಮಗ್ಗುಲಿಗೆ ನಿಲ್ಲಿಸಿ, ಯಾರದೋ ಬೆಳೆಗೆ ಬಾಯಿ ಹಾಕದಂತೆ ಕಾಯುತ್ತ ಕೂಡಬೇಕು, ಹೊಲದವರ ಬೈಗುಳ ತಿನ್ನಬೇಕು.

ಆ ಕರೆ ಬರಲಿ ಎಂದೇ ನಾನು ಅವರಿಗೆ ಒಂದು ಬ್ಲಾಗ್ ಮಾಡಿಕೊಟ್ಟಿದ್ದೆ. ಎಲ್ಲರೂ ವಿಡಿಯೊ ಮಾಡುವ ಕಾಲದಲ್ಲಿ ಬ್ಲಾಗ್ ಯಾಕೆ ಎಂದರೆ, ನನಗೆ ಬರುವುದು ಅದೊಂದೇ. ಮಾಡಿಕೊಟ್ಟದ್ದು ರಾಯಚೂರು ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ಎಂದು ನನ್ನ ನೆನಪು. ಅಲ್ಲ, ದೇವದುರ್ಗದಲ್ಲಿ ಯಾರದೋ ಮದುವೆಯ ಪಂಕ್ತಿಯಲ್ಲಿ ಕುಳಿತು, ಬಲಗೈಯಲ್ಲಿ ಉಣ್ಣುತ್ತ ಎಡಗೈಯಲ್ಲಿ ಮಾಡಿದೆ ಎಂದು ತಮ್ಮ ಹೇಳುತ್ತಾನೆ. ಅವನು ಎಷ್ಟು ಖಚಿತವಾಗಿ ಹೇಳುತ್ತಾನೆಂದರೆ, ಈಗ ನನಗೂ ಆ ಎಲೆ, ಆ ಹುಗ್ಗಿ ಕಾಣತೊಡಗಿವೆ. ಎರಡಕ್ಕೂ ಪುರಾವೆ ಇಲ್ಲ. ಸಂಪರ್ಕಕ್ಕೆ ಎಂದು ನನ್ನ ನಂಬರನ್ನೇ ಹಾಕಿದ್ದೆ. ಆಮೇಲೆ ಬದಲಿಸೋಣ ಎಂದುಕೊಂಡದ್ದು ಮಾತ್ರ ಚೆನ್ನಾಗಿ ನೆನಪಿದೆ.

ಬ್ಲಾಗನ್ನು ನಡೆಸುತ್ತಿದ್ದವಳು ಅವನ ಹೆಂಡತಿ. ಸಂಜೆ ಕುರಿ ನಿಲ್ಲಿಸಿದ ಮೇಲೆ ಒಂದು ಫೋಟೋ, ಕೆಳಗೆ ಊರು, ಹೊಲ, ಗುರುತಿಗೆ ಒಂದು ಬೇವಿನ ಮರವೋ ಹಳ್ಳದ ಸೇತುವೆಯೋ. ಅದರ ಲಿಂಕು ರೈತರ ಫೋನಿನಿಂದ ಫೋನಿಗೆ ಓಡಾಡಿತು. ಜನ ಬಂದು ಮಂದೆ ನೋಡಿ ಹೊಲ ಕೊಡತೊಡಗಿದರು. ನನ್ನ ಬ್ಲಾಗಿಗಿಂತ ಅವಳ ಬ್ಲಾಗನ್ನು ಹೆಚ್ಚು ಜನ ನೋಡುತ್ತಿದ್ದರು ಎಂಬುದನ್ನು ನಾನು ದೊಡ್ಡ ಮನಸ್ಸಿನಿಂದ ಸಹಿಸಿಕೊಂಡಿದ್ದೆ.

ಆಗ ಜಾಲಹಳ್ಳಿ ಕಡೆ ಇನ್ನೊಬ್ಬರ ಮಂದೆಯಿಂದ ಟಗರುಗಳು ಕಳುವಾದ ಸುದ್ದಿ ಬಂತು. ಗಾಡಿ ತಂದು, ನೆಟ್ಟಗೆ ಹಟ್ಟಿ ಹಾಕಿದಲ್ಲಿಗೇ ಬಂದು, ಹೇರಿಕೊಂಡು ಹೋಗಿದ್ದರಂತೆ. ಅವರಿಗೆ ಜಾಗ ಹೇಗೆ ಗೊತ್ತಾಯಿತೋ ಯಾರಿಗೂ ತಿಳಿಯದು. ನಾನು ತಕ್ಷಣ ಫೋನ್ ಮಾಡಿದೆ.

“ಭಾವಾ, ಉಂಡ್ರಿ?” ಎಂದಳು.

“ಉಣ್ಣೋದಿರಲಿ. ನಿನ್ನಿ ಹಾಕಿದ ಫೋಟೋ ತಗಿ ಮೊದಲ.”

“ಯಾಕ್ರಿ, ಚಲೋ ಬಂದಿಲ್ಲೇನು?”

“ಭಾಳ ಚಲೋ ಬಂದದ. ಯಾವ ಟಗರು ಎಲ್ಲಿ ಮಲಗ್ಯದ ಅಂತ ಸೈತ ಕಾಣಸ್ತದ. ಅದಕ್ಕ ತಗಿ ಅನ್ನಾಕತ್ತೀನಿ. ಕಳ್ಳರ ಕೈಯಾಗೂ ಫೋನ್ ಇರ್ತದ.”

“ಜಾಗ ಹಾಕದಿದ್ರ ರೈತರು ಹೆಂಗ ಬರ್ತಾರ? ಅಂಗಡಿ ತಗಿ, ಆದ್ರ ಎಲ್ಲಿ ತಗದೀನಂತ ಯಾರ ಮುಂದೂ ಹೇಳಬ್ಯಾಡ ಅಂದಂಗಾತು ನಿಮ್ಮ ಮಾತು.”

ಹಿಂದಿನಿಂದ ತಮ್ಮನ ದನಿ: “ಅಣ್ಣ ಅಷ್ಟು ಹೇಳಾಕತ್ತಾನಂದ್ರ ಏನರ ಇರಬೇಕು, ಕೇಳಬೇ.”

“ಫೋಟೋ ನೋಡೇ ಕಳ್ಳರು ಬಂದಾರ ಅನ್ನಾಕ ಪುರಾವೆ ಕೇಳ್ರಿ ನಿಮ್ಮಣ್ಣಗ. ಎಲ್ಲರಿಗೂ ಕೇಳ್ತಾರಲ್ಲ!”

ಪುರಾವೆ ಇರಲಿಲ್ಲ. ದನಿ ಏರಿಸಿದೆ. ಕೊನೆಗೆ, ಹೊಲ ಬಿಟ್ಟ ಮೇಲೆಯೇ ಆ ಹೊಲದ ಫೋಟೋ ಹಾಕುವುದು ಎಂದು ಒಪ್ಪಿಸಿದೆ. ಅವಳು “ಹೂಂ” ಅಂದ ರೀತಿ ನೋಡಿದರೆ ಒಪ್ಪಿದಂತೆ ಇರಲಿಲ್ಲ, ಆದರೆ ಮಾಡಿದಳು. ಚಾಚೂ ತಪ್ಪದೆ ಮಾಡಿದಳು. ಅದೇ ತೊಂದರೆಯಾಯಿತು.

ಕೆಲ ದಿನಗಳ ನಂತರ ಒಂದು ಬೆಳಿಗ್ಗೆ ಗಡ್ಡಕ್ಕೆ ಸೋಪು ಹಚ್ಚಿಕೊಂಡು ನಿಂತಿದ್ದೆ. ಫೋನು ಬಂತು.

“ಎಲ್ಲದಾವ್ರೀ ಕುರಿ?”

“ಯಾರ್ರೀ ಮಾತಾಡೋದು?”

“ಮಾನ್ವಿ ಕಡಿಯವ. ಗುಂಜಹಳ್ಳಿ ಹೊಲದಾಗ ನಿಂತೀನಿ. ಫೋಟೋದಾಗ ಹೊಲ ತುಂಬ ಕುರಿ ಅದಾವ, ಇಲ್ಲಿ ನೋಡಿದ್ರ ಬರೇ ಹಿಕ್ಕಿ. ಇಷ್ಟು ದೂರ ಗಾಡಿ ಹೊಡಕೊಂಡು ನಾ ಹಿಕ್ಕಿ ನೋಡಾಕ ಬಂದೀನೇನು?”

ತಮ್ಮನಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ಚಾರ್ಜು ಸಂಜೆಯ ತನಕ ಉಳಿಯಲಿ ಎಂದು ಹಗಲು ಆರಿಸಿಡುತ್ತಾರೆ. ಆ ರೈತನೋ, ಭತ್ತ ಕೊಯ್ದ ಹೊಲ ಖಾಲಿ ಇದೆ, ಇನ್ನೊಂದು ಮಂದೆಯವರು ನಾಳೆ ಕೇಳಲು ಬರುವವರಿದ್ದಾರೆ ಎಂದ. ತಮ್ಮನಿಗೆ ಮುಂದಿನ ಹೊಲ ಇನ್ನೂ ಸಿಕ್ಕಿಲ್ಲ ಎಂಬುದು ನನಗೆ ಗೊತ್ತಿತ್ತು. ಅರ್ಧ ಗಡ್ಡದಲ್ಲೇ ಗುಂಜಹಳ್ಳಿಗೆ ಹೋದೆ.

ಅಲ್ಲಿಂದ ಮುಂದೆ ನಾನೊಂದು ಬೈಕಿನಲ್ಲಿ, ಆತ ಒಂದು ಬೈಕಿನಲ್ಲಿ, ಕುರಿ ಹುಡುಕಿಕೊಂಡು ಅಲೆದೆವು. ಊರಿನ ಚಹಾದಂಗಡಿಯಲ್ಲಿ ಕೇಳಿದರೆ ಅಲ್ಲಿದ್ದವನೊಬ್ಬ ಫೋನ್ ತೆಗೆದು ನನ್ನ ತಮ್ಮನದೇ ಬ್ಲಾಗ್ ತೋರಿಸಿದ. “ಇಲ್ಲೇ ಅದಾವ್ ನೋಡ್ರಿ, ಹಾಕ್ಯಾರ.”

“ಅದು ಹಳೇ ಫೋಟೋರೀ,” ಎಂದೆ.

“ಹಳೇದು ಅಂತ ಎಲ್ಲಿ ಬರದಾರ?”

ಎಲ್ಲೂ ಬರೆದಿರಲಿಲ್ಲ. ಚಿತ್ರದ ಕೆಳಗೆ ತಾರೀಖು ಹಾಕಬೇಕು ಎಂದು ನಾನು ಬರೆದಿದ್ದೇನೆ, ಖಂಡಿತ ಬರೆದಿದ್ದೇನೆ. ಚಹಾ ಬರುವುದರೊಳಗೆ ನನ್ನ ಬ್ಲಾಗಿನಲ್ಲಿ ಹುಡುಕಿದೆ. ಸಿಗಲಿಲ್ಲ. ಬರೆದೇ ಇಲ್ಲವೋ, ಬರೆದು ಕವಿತ್ವದ ತಲೆಬರಹ ಕೊಟ್ಟೆನೋ. ಮಾನ್ವಿಯ ರೈತ ಬಸಿಯಲ್ಲಿ ಚಹಾ ಆರಿಸುತ್ತ ಕೇಳಿದ: “ಅಲ್ರೀ, ಫೋಟೋ ಹಾಕಿದೋರು ನೀವು. ನಂಬರ್ ನಿಮ್ದು. ಕುರಿ ಎಲ್ಲದಾವ ನಿಮಗ ಗೊತ್ತಿಲ್ಲ. ಹೋಗ್ಲಿ, ಕುರಿ ಅದಾವೋ ಇಲ್ಲೋ?”

ಇವೆ ಎಂದು ಆಣೆ ಮಾಡುವಷ್ಟು ಸಿಟ್ಟು ಬಂತು.

ಹಳ್ಳ ದಾಟಿದ ಮೇಲೆ, ಹತ್ತಿ ಕಿತ್ತ ಹೊಲವೊಂದರಲ್ಲಿ ಸಿಕ್ಕರು. ತಮ್ಮ ಮರಿಗಳಿಗೆ ಮೇಯಲು ತೊಪ್ಪಲು ಕಟ್ಟುತ್ತಿದ್ದ. ಅವನ ಹೆಂಡತಿ ನನ್ನ ಅರ್ಧ ಗಡ್ಡ ನೋಡಿ ಸೆರಗಿನ ಮರೆಯಲ್ಲಿ ನಕ್ಕಳು. ರೈತ ಯಾರ ಜೊತೆಗೂ ಮಾತಾಡದೆ ಮಂದೆಯನ್ನು ಒಂದು ಸುತ್ತು ಹಾಕಿ ಬಂದ.

“ತಾರೀಖು ಯಾಕ ಹಾಕಿಲ್ಲ?” ಎಂದು ನಾನು ಅವಳನ್ನು ಕೇಳಿದೆ.

“ನೀವು ಹೇಳಿಲ್ಲ.”

“ಹೇಳೀನಿ.”

“ಜಾಗ ಬಿಟ್ಟ ಮ್ಯಾಲೆ ಹಾಕು ಅಂದ್ರಿ, ಹಾಕಿದೆ. ಬಿಟ್ಟೀವಿ ಅಂತ ಬರಿ ಅಂದಿದ್ರ ಅದನ್ನೂ ಬರೀತಿದ್ದೆ.”

“ಅಷ್ಟು ತಿಳೀಬಾರದೇನು?”

“ತಿಳದಿದ್ದು ಮಾಡಾಕ ಹೋದ್ರ ನೀವ ಬ್ಯಾಡ ಅಂತೀರಿ.”

ತಮ್ಮ ನಡುವೆ ಬಂದ. “ಯಣ್ಣಾ, ಜಗಳ ಆಮೇಲೆ. ಈಗ ಏನು ಹಾಕೋದು ಹೇಳು. ಟಗರೂ ಉಳೀಬೇಕು, ಹೊಲಾನೂ ಸಿಗಬೇಕು.”

ವಿಚಾರ ಅಷ್ಟೇ ಇತ್ತು. ಅವಳ ಫೋನು ಇಸಿದುಕೊಂಡು, ಮೊದಲು ಫೋಟೋದ ಒಳಗೆ ಜಾಗದ ವಿವರ ತಾನೇ ಸೇರಿಕೊಳ್ಳುವ ಸೌಲಭ್ಯವನ್ನು ಆಫ್ ಮಾಡಿದೆ. ಕೆಳಗೆ ಊರು ಬರೆಯದಿದ್ದರೂ ಆ ವಿವರ ನೋಡಿ ಜಾಗ ಕಂಡುಹಿಡಿಯಬಹುದು, ಇದು ಬಹಳ ಜನಕ್ಕೆ ಗೊತ್ತಿಲ್ಲ. ಆಮೇಲೆ, ಊರು ಬೇಡ, ಮರ ಬೇಡ, ಸೇತುವೆ ಬೇಡ. ತಾಲೂಕು, ತಾರೀಖು, ಯಾವತ್ತಿಗೆ ಖಾಲಿ ಎಂಬುದು, ಒಂದು ಫೋನ್ ನಂಬರ್, ಇಷ್ಟೇ ಸಾಕು ಎಂದೆ. ಬೇಕಾದವರು ಫೋನ್ ಮಾಡಲಿ. ಹೊಲ ಯಾವ ಊರಲ್ಲಿ, ಏನು ಬೆಳೆ ಇತ್ತು, ಕುಡಿಯಲು ನೀರು ಎಲ್ಲಿದೆ ಎಂದು ಕೇಳಿ, ಉತ್ತರ ಸರಿ ಅನಿಸಿದರೆ ಜಾಗ ಹೇಳುವುದು.

“ಹಗಲೆಲ್ಲ ನಮ್ಮ ಫೋನು ಆಫ್ ಇರ್ತದ,” ಎಂದಳು.

“ಅಂದ್ರ ನಾ ಯಾರಿಗೆ ಫೋನ್ ಮಾಡ್ಲಿ?” ಎಂದ ರೈತ. “ಮನ್ಯಾಗ ಅಣ್ಣನ್ನ ಕೇಳಿ ನಾಳೆ ಮುಂಜಾನಿ ಹೇಳಬೇಕು.”

ಮೂವರೂ ನನ್ನನ್ನು ನೋಡಿದರು. ಒಂದು ಕುರಿಯೂ ನೋಡಿತು.

ಹೀಗೆ ವಿಶ್ವವಿದ್ಯಾಲಯದ ಪದವಿ ಪಡೆದ ನಾನು ಒಂದು ಮಂದೆಯ ವಿಚಾರಣಾ ಕಚೇರಿಯಾದೆ. ಮರುದಿನ ಬೆಳಿಗ್ಗೆ ರೈತ ಫೋನ್ ಮಾಡಿ, “ಅಣ್ಣ ಹೂಂ ಅಂದಾನ. ಮರಿಗೋಳಿಗೆ, ಸಾಮಾನಿಗೆ ಈಗ ಗಾಡಿ ಕಳಸ್ತೀನಿ. ಅಲ್ಲೇ ಅದಾರೋ, ಮುಂದ ಹೋಗ್ಯಾರೋ? ಆ ಮಂದೆಯವರು ಬಂದು ಕಟ್ಟಿ ಮ್ಯಾಲೆ ಕುಂತಾರ, ಜಲ್ದಿ ಹೇಳ್ರಿ,” ಎಂದ.

ಹಿಂದಿನ ಸಂಜೆ ಅವಳು ಏನೋ ಹೇಳಿದ್ದಳು. ಹಳ್ಳದ ಈಚೆ ಬರುತ್ತೇವೆ ಎಂದಳೋ, ಆಚೆಯೇ ಇರುತ್ತೇವೆ ಎಂದಳೋ. ಎರಡೂ ಅವಳದೇ ದನಿಯಲ್ಲಿ ಕೇಳಿಸುತ್ತಿದ್ದವು. “ಒಂದು ನಿಮಿಷ ತಡೀರಿ,” ಎಂದು ಫೋನ್ ಇಟ್ಟು, ಅವರ ನಂಬರಿಗೆ ಮಾಡಿದೆ, ಆಫ್. ಮತ್ತೆ ಮಾಡಿದೆ. ಮತ್ತೂ ಆಫ್. ಅಷ್ಟರಲ್ಲಿ ಗೊತ್ತಿಲ್ಲದ ಯಾವುದೋ ನಂಬರಿನಿಂದ ಕರೆ. ಅವಳೇ, ಪಕ್ಕದ ಹೊಲದವರ ಫೋನಿನಿಂದ.

“ಮಾನ್ವಿಯವ್ರು ಏನಂದ್ರು, ಭಾವಾ?”

“ಮೊದಲ ಎಲ್ಲದೀರಿ ಹೇಳು!”

“ಹಳ್ಳದ ಈಚಿಗೆ, ರೋಡಿನ ಮಗ್ಗಲಕ. ನಿನ್ನಿನ ಹೇಳಿದ್ದೆನಲ್ಲ.”

“ಹೇಳಿಲ್ಲ.”

“ಹೇಳೀನಿ. ಬರದು ಹಾಕಿದ್ರ ಪುರಾವೆ ಇರ್ತಿತ್ತು. ಬ್ಯಾಡ ಅಂದೋರು ನೀವು.”

ರೈತನಿಗೆ ಹೇಳಿದೆ. ಗಾಡಿ ಬಂತು, ಮರಿಗಳನ್ನು ಹೇರಿಕೊಂಡಿತು. ಮಂದೆ ಹಿಂದೆ ನಡೆದು ಹೋಯಿತು. ಟಗರುಗಳೆಲ್ಲ ಇವೆಯಂತೆ. ಇವತ್ತಿಗೂ ನಾನು ಊಟಕ್ಕೆ ಕುಳಿತರೆ ಸಾಕು, ಯಾರೋ ಒಬ್ಬರು ಫೋನ್ ಮಾಡಿ “ಎಲ್ಲದಾವ್ರೀ ಕುರಿ?” ಎನ್ನುತ್ತಾರೆ. ನಾನು ಅನ್ನ ಬಿಟ್ಟು ಬೆಳೆ, ನೀರು ಎಂದು ವಿಚಾರಿಸುತ್ತೇನೆ. ಕುರಿ ಎಲ್ಲಿ ನಿಂತಿವೆ ಎಂದು ಅವಳು ದಿನಾ ಸಂಜೆ ಫೋನ್ ಮಾಡಿ ಹೇಳುತ್ತಾಳೆ.

ಈಗ ಅವರು ಮಾನ್ವಿ ಕಡೆ ಇದ್ದಾರೆ. ಎಲ್ಲಿ ಎಂದು ಇಲ್ಲಿ ಬರೆಯುವುದಿಲ್ಲ. ಬರೆಯಬೇಕೆಂದರೂ, ಸಂಜೆಯ ಫೋನು ಇನ್ನೂ ಬಂದಿಲ್ಲ.