ನನ್ನ ಬಲಗೈ ಏಳದ ಆರು ತಿಂಗಳು

ಮೊದಲು ನೋವಾಗಲಿಲ್ಲ. ಊಟದ ಡಬ್ಬಿ ಕೈಯಿಂದ ಜಾರಿತು, ಅಷ್ಟೆ. ಮುಚ್ಚಳ ಉರುಳಿಕೊಂಡು ಹೋಗಿ ಸೋಡಾ ಮಷೀನಿನ ಅಡಿಗೆ ಸೇರಿತು. ಎತ್ತಿಕೊಳ್ಳೋಣವೆಂದು ಬಗ್ಗಿದೆ. ಬಲಗೈ ನನ್ನ ಮಾತು ಕೇಳಲಿಲ್ಲ. ತೋಳಿನಿಂದ ಬಿಸಿಯಾದದ್ದೇನೋ ಇಳಿಯುತ್ತಿತ್ತು. ಸಾರು ಚೆಲ್ಲಿಕೊಂಡೆ ಎಂದುಕೊಂಡೆ. ಅವತ್ತು ನಾನು ತಂದದ್ದು ಮೊಸರನ್ನ.

ನನಗೆ ಗುಂಡು ತಗಲಿತ್ತು.

ಇದು ಏಪ್ರಿಲ್ ತಿಂಗಳ ಮಾತು. ಆಗ ನಾನು ಫ್ರೀಮಾಂಟಿನ ನಮ್ಮ ಮನೆಯಿಂದ ಅರ್ಧ ಗಂಟೆ ದೂರದ ಒಂದು ಎಲೆಕ್ಟ್ರಾನಿಕ್ಸ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದೆ. ಸರ್ಕ್ಯೂಟ್ ಬೋರ್ಡುಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ, ಬೆಸುಗೆ ಬಿಟ್ಟ ಕಡೆ ಸರಿ ಮಾಡುವ ಕೆಲಸ. ಕೂದಲಿಗಿಂತ ತೆಳ್ಳಗಿನ ತಂತಿಯನ್ನು ನಡುಗದೆ ಹಿಡಿಯುವ ಕೈ ನನ್ನದು. ಹೊಗಳಿಕೊಳ್ಳುತ್ತಿದ್ದಾಳೆ ಎನ್ನುವವರು ಎನ್ನಲಿ. ಹುಬ್ಬಳ್ಳಿಯಲ್ಲಿ ಬಿ.ಎಸ್ಸಿ. ಮಾಡಿ, ಮೈಸೂರಿನ ಎಂಜಿನಿಯರನ್ನು ಮದುವೆಯಾಗಿ ಇಲ್ಲಿಗೆ ಬಂದ ನನಗೆ, ಈ ದೇಶದಲ್ಲಿ ನನ್ನದೇ ಎಂದು ಸಿಕ್ಕ ಹೆಸರು ಆ ಕೈಯಿಂದಲೇ ಬಂದದ್ದು.

ಗುಂಡು ಹಾರಿಸಿದವನು ಡಗ್. ಶಿಪ್ಪಿಂಗಿನಲ್ಲಿ ಪೆಟ್ಟಿಗೆ ಕಟ್ಟುತ್ತಿದ್ದವನು. ನನ್ನ ಮಾವಿನ ಉಪ್ಪಿನಕಾಯಿಯನ್ನು ಒಮ್ಮೆ ನೆಕ್ಕಿ, ಕಣ್ಣಲ್ಲಿ ನೀರು ತಂದುಕೊಂಡು, ಮರುದಿನ ಮತ್ತೆ ಕೇಳಿದವನು. ಮಾರ್ಚಿನಲ್ಲಿ ಅವನನ್ನು ಕೆಲಸದಿಂದ ತೆಗೆದರು. ಅವನು ಒಂದು ರಟ್ಟಿನ ಡಬ್ಬಿ ಹೊತ್ತುಕೊಂಡು, ಪಕ್ಕದಲ್ಲಿ ಸೆಕ್ಯೂರಿಟಿಯವನನ್ನು ಇಟ್ಟುಕೊಂಡು, ನಮ್ಮ ಸಾಲಿನ ಮುಂದೆಯೇ ಹೊರಗೆ ನಡೆದ. ನಾವ್ಯಾರೂ ಮೈಕ್ರೋಸ್ಕೋಪಿನಿಂದ ತಲೆ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಐದು ವಾರ ಬಿಟ್ಟು ಊಟದ ಹೊತ್ತಿಗೆ ಕೆಫೆಟೀರಿಯಾಕ್ಕೆ ಬಂದ.

ಸತ್ತವರು ನಾಲ್ವರು. ಡಗ್ ಕೊನೆಗೆ ತನ್ನನ್ನೂ ಕೊಂದುಕೊಂಡ. ಅವನನ್ನು ಸೇರಿಸಿ ಎಣಿಸಬೇಕೋ ಬೇಡವೋ ನನಗಿನ್ನೂ ಗೊತ್ತಾಗಿಲ್ಲ.

ಆಸ್ಪತ್ರೆಯಲ್ಲಿ ಎರಡು ಆಪರೇಷನ್ ಆಯಿತು. ತೋಳಿನ ಮೂಳೆ ಮುರಿದಿತ್ತು, ಪ್ಲೇಟ್ ಹಾಕಿದರು. ಮೂಳೆಯನ್ನು ಸುತ್ತಿಕೊಂಡು ಹೋಗುವ ರೇಡಿಯಲ್ ನರ್ವ್ ಎಂಬ ನರ ಜಜ್ಜಿಹೋಗಿತ್ತು. ಮಣಿಕಟ್ಟು ಜೋತುಬಿದ್ದಿತ್ತು, ಬೆರಳು ನೆಟ್ಟಗಾಗುತ್ತಿರಲಿಲ್ಲ. ಇದಕ್ಕೆ ರಿಸ್ಟ್ ಡ್ರಾಪ್ ಎನ್ನುತ್ತಾರೆ. ಸರ್ಜನ್ ಒಬ್ಬ ಎತ್ತರದ ಹೆಂಗಸು, ಮಾತು ಕಡಿಮೆ.

"ನರ ತುಂಡಾಗಿಲ್ಲ. ಮತ್ತೆ ಬೆಳೆಯಬಹುದು," ಎಂದರು.

"ಎಷ್ಟು ಬೇಗ?"

"ದಿನಕ್ಕೆ ಒಂದು ದಾರದ ದಪ್ಪದಷ್ಟು. ಅದೂ ಬೆಳೆದರೆ."

ಮನೆಗೆ ಬಂದ ಮೇಲೆ ನನ್ನ ದಿನಚರಿಯೇ ಬದಲಾಯಿತು. ಮಣಿಕಟ್ಟನ್ನು ನೆಟ್ಟಗೆ ಹಿಡಿಯಲು ಕೈಗೆ ಸ್ಪ್ಲಿಂಟ್, ವಾರಕ್ಕೆ ಮೂರು ದಿನ ಫಿಸಿಕಲ್ ಥೆರಪಿ. ಜಡೆ ಹಾಕಿಕೊಳ್ಳಲು ಬಾರದು, ದೋಸೆ ಮಗುಚಲು ಬಾರದು, ಸೀರೆಯ ನೆರಿಗೆ ಹಿಡಿಯಲು ಬಾರದು. ಸ್ವೆಟ್‌ಪ್ಯಾಂಟಿನಲ್ಲೇ ದಿನ ಕಳೆದೆ. ಮೊದಲ ಸಲ ಎಡಗೈಯಲ್ಲಿ ಅನ್ನ ಕಲಸಿ ಬಾಯಿಗಿಟ್ಟಾಗ ಬಿಕ್ಕಿ ಬಿಕ್ಕಿ ಅತ್ತೆ. ಗುಂಡು ತಗಲಿದಾಗ ಅತ್ತಿರಲಿಲ್ಲ.

ನೋಡಲು ಬಂದವರಿಗೆ ಲೆಕ್ಕವಿಲ್ಲ. ಪಾಲೋ ಆಲ್ಟೋದಿಂದ, ಬರ್ಕ್ಲಿಯಿಂದ, ಬಿಸಿಬೇಳೆ ಬಾತಿನ ಪಾತ್ರೆ ಹಿಡಿದುಕೊಂಡು ಬಂದರು. ಒಳ್ಳೆಯ ಜನ, ಅಲ್ಲವೆನ್ನುವುದಿಲ್ಲ. ಆದರೆ ಪ್ರತಿಯೊಬ್ಬರ ಹತ್ತಿರವೂ ಒಂದೊಂದು ಕಾರಣವಿತ್ತು. ಡಗ್‌ಗೆ ಹುಚ್ಚು ಎಂದರು ಒಬ್ಬರು. ಹೆಂಡತಿ ಬಿಟ್ಟುಹೋಗಿದ್ದಳಂತೆ ಎಂದರು ಇನ್ನೊಬ್ಬರು. ಯುದ್ಧಕ್ಕೆ ಹೋಗಿಬಂದವನು, ಟಿವಿಯಲ್ಲಿ ಬರೀ ಹೊಡೆದಾಟ, ಇಲ್ಲಿ ಅಪ್ಪ ಅಮ್ಮನಿಗೆ ಮಕ್ಕಳಿಲ್ಲ, ಮಕ್ಕಳಿಗೆ ಅಪ್ಪ ಅಮ್ಮ ಇಲ್ಲ ಎಂದರು ಉಳಿದವರು. ಒಬ್ಬ ಹಿರಿಯರಂತೂ ನನ್ನ ಜಾತಕ ತರಿಸಿ ನೋಡಿದರು.

ಸೋಫಾದಲ್ಲಿ ಕೈ ದಿಂಬಿನ ಮೇಲಿಟ್ಟುಕೊಂಡು ಎಲ್ಲ ಕೇಳಿಸಿಕೊಂಡೆ. ಕೆಲವು ನಿಜವಿರಬಹುದು. ಆದರೆ ಕೆಲಸ ಹೋದವರು, ಹೆಂಡತಿ ಬಿಟ್ಟವರು, ಮಾತಾಡಿಸುವವರಿಲ್ಲದವರು ಹುಬ್ಬಳ್ಳಿಯಲ್ಲಿ ಇರಲಿಲ್ಲವೇ? ನನ್ನ ಸ್ವಂತ ಚಿಕ್ಕಪ್ಪನನ್ನು ಗಿರಣಿಯಿಂದ ತೆಗೆದ ದಿನ ಅವರು ಮನೆಗೆ ಬಂದು, ಕೈಗೆ ಸಿಕ್ಕ ಹಿತ್ತಾಳೆ ತಂಬಿಗೆಯನ್ನು ಗೋಡೆಗೆ ಬೀಸಿದ್ದರು. ತಂಬಿಗೆ ನೆಗ್ಗಿತು. ಚಿಕ್ಕಮ್ಮ ಮೂರು ದಿನ ಮಾತು ಬಿಟ್ಟಳು. ಅಲ್ಲಿಗೆ ಮುಗಿಯಿತು. ಆ ಸಿಟ್ಟಿಗೂ ಡಗ್‌ನ ಸಿಟ್ಟಿಗೂ ನನಗೆ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಚಿಕ್ಕಪ್ಪನ ಕೈಗೆ ಸಿಕ್ಕದ್ದು ತಂಬಿಗೆ. ಡಗ್‌ನ ಬೀರುವಿನಲ್ಲಿ ಇದ್ದದ್ದು ಎರಡು ಬಂದೂಕು.

ಇದನ್ನು ಹೇಳಿದರೆ ಬಂದವರು "ಹೌದೌದು, ನೀವು ಸುಸ್ತಾಗಿದ್ದೀರಿ, ಮಲಗಿಕೊಳ್ಳಿ" ಎನ್ನುತ್ತಿದ್ದರು.

ನಮ್ಮವರು ಮಾತ್ರ ಯಾವ ಕಾರಣವನ್ನೂ ಹೇಳಲಿಲ್ಲ. ಶ್ರೀಧರ ಮೊದಲೇ ಮಾತು ಕಡಿಮೆಯ ಮನುಷ್ಯ. ಈಗ ಬಾಗಿಲಿಗೆ ಎರಡನೆಯ ಬೀಗ ಹಾಕಿಸಿದರು. ಗ್ರೋಸರಿ ಅಂಗಡಿಯಲ್ಲಿ ಯಾರಾದರೂ ಜೋರಾಗಿ ಮಾತಾಡಿದರೆ ನನ್ನ ಮುಂದೆ ಬಂದು ನಿಲ್ಲುತ್ತಿದ್ದರು. ನನಗೆ ಜಡೆ ಹೆಣೆಯಲು ಕಲಿತರು. ವಕ್ರವಕ್ರವಾಗಿ ಹೆಣೆಯುತ್ತಿದ್ದರು, ಆದರೂ ಆ ಬೆರಳುಗಳು ತಲೆಯಲ್ಲಿ ಆಡುವಾಗ ನನಗೆ ನಿದ್ದೆ ಬರುವಷ್ಟು ಹಿತವೆನಿಸುತ್ತಿತ್ತು. ಅವರು ಹೆದರಿದ್ದಾರೆ ಎಂದು ಗೊತ್ತಿತ್ತು. ಎಷ್ಟು ಹೆದರಿದ್ದಾರೆ ಎಂದು ಗೊತ್ತಾದದ್ದು ಅಕ್ಟೋಬರಿನಲ್ಲಿ.

ಆಯುಧಪೂಜೆ ವಾರದ ನಡುವೆ ಬಂದಿತ್ತು. ನಾವು ಭಾನುವಾರ ಮಾಡಿದೆವು. ಇಲ್ಲಿ ದೇವರೂ ವೀಕೆಂಡಿಗೆ ಒಪ್ಪಿಕೊಂಡುಬಿಟ್ಟಿದ್ದಾನೆ. ನಮ್ಮವರು ಗರಾಜಿನಲ್ಲಿ ಎರಡೂ ಕಾರು ತೊಳೆದು, ಮಡಿಸುವ ಟೇಬಲ್ಲಿನ ಮೇಲೆ ಹಳೇ ಬೆಡ್‌ಶೀಟ್ ಹಾಸಿ, ಸ್ಕ್ರೂಡ್ರೈವರ್, ಡ್ರಿಲ್, ಹೊಲಿಗೆ ಮಷೀನು, ಮಗಳ ಜಾಮಿಟ್ರಿ ಬಾಕ್ಸು, ನನ್ನ ಸೋಲ್ಡರಿಂಗ್ ಐರನ್ ಎಲ್ಲ ಜೋಡಿಸಿದ್ದರು. ಕುಂಕುಮ ನಾನೇ ಇಡುತ್ತೇನೆಂದು ಹಟ ಹಿಡಿದೆ. ಬಲಗೈಯಲ್ಲೇ. ಥೆರಪಿಸ್ಟ್ ಮರ್ಲಿನ್ ಹಿಂದಿನ ವಾರವಷ್ಟೇ ನನ್ನ ಮಣಿಕಟ್ಟು ಒಂದಿಷ್ಟು ಮೇಲೆದ್ದುದನ್ನು ನೋಡಿ ಚಪ್ಪಾಳೆ ತಟ್ಟಿದ್ದಳು. ಎಡಗೈಯಿಂದ ಬಲಗೈಯನ್ನು ಎತ್ತಿ ಹಿಡಿದುಕೊಂಡು ಒಂದೊಂದಕ್ಕೂ ಬೊಟ್ಟಿಡುತ್ತ ಬಂದೆ. ಡ್ರಿಲ್ಲಿನ ಪಕ್ಕ ಕೆಂಪು ರವಿಕೆ ಬಟ್ಟೆ ಮುಚ್ಚಿದ್ದು ಒಂದಿತ್ತು. ಬಟ್ಟೆ ಸರಿಸಿದೆ.

ಪಿಸ್ತೂಲು.

ಹೊಸದು. ಎಣ್ಣೆಯ ವಾಸನೆ ಬರುತ್ತಿತ್ತು. ನಮ್ಮವರು ಅಷ್ಟರಲ್ಲೇ ಅದಕ್ಕೊಂದು ಸೇವಂತಿಗೆ ಹೂ ಇಟ್ಟಿದ್ದರು.

ನನಗೆ ಸಿಟ್ಟು ಬಂದರೆ ಹುಬ್ಬಳ್ಳಿ ಮಾತೇ ಬರುವುದು. "ಏನಿದು? ಇದನ್ನ ಯಾರು ತಂದ್ರು ಮನಿಗೆ?"

"ವತ್ಸಲಾ, ಕೂಗಾಡ್ಬೇಡ. ಪೂಜೆ ಆದ್ಮೇಲೆ ಹೇಳೋಣ ಅಂತಿದ್ದೆ," ಎಂದರು. "ಇದೂ ಆಯುಧಾನೇ ತಾನೇ? ಗುಂಡು ತೆಗೆದಿಟ್ಟಿದೀನಿ."

"ಯಾವಾಗ ತಂದ್ರಿ?"

"ಜೂನಲ್ಲಿ. ಹದಿನೈದು ದಿನ ಕಾಯಿಸಿ ಕೊಟ್ರು. ಏನ್ ಮಾಡ್ಲಿ ನಾನು? ಇನ್ನೊಬ್ಬ ಬಂದ್ರೆ ಕೈ ಕಟ್ಕೊಂಡು ನೋಡ್ತಾ ನಿಂತಿರ್ಲಾ? ನಿನ್ನನ್ನ ಆ ಸ್ಟ್ರೆಚರ್ ಮೇಲೆ ನೋಡಿದವನು ನಾನು. ನೀನು ನೋಡಿಲ್ಲ."

ಅದು ನಿಜ. ನಾನು ನೋಡಿರಲಿಲ್ಲ. ನನ್ನ ಎದೆ ಒಂದು ಕ್ಷಣ ಕರಗಿತು.

"ಎಲ್ಲಿಟ್ಟಿದ್ರಿ ಇಷ್ಟು ದಿನ?"

ಉತ್ತರ ಬಂದದ್ದು ಅವರಿಂದಲ್ಲ. ಗರಾಜಿನ ಮೆಟ್ಟಿಲ ಮೇಲೆ ನಂದಿನಿ ನಿಂತಿದ್ದಳು. ನಮ್ಮ ಒಬ್ಬಳೇ ಮಗಳು, ಒಂಬತ್ತು ವರ್ಷ. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ. ಅಮ್ಮನ ಸೀರೆ ಟ್ರಂಕಿನಲ್ಲಿತ್ತು ಎಂದಳು. ಆ ಹಸಿರು ಸೀರೆಯ ಒಳಗೆ.

ಹಸಿರು ಸೀರೆ ಎಂದರೆ ನನ್ನ ಧಾರೆ ಸೀರೆ. ನನ್ನ ಕೈ ಸರಿಹೋಗುವವರೆಗೆ ನಾನು ರೇಷ್ಮೆ ಸೀರೆ ಉಡುವುದಿಲ್ಲ, ಹಾಗಾಗಿ ಟ್ರಂಕ್ ತೆಗೆಯುವುದಿಲ್ಲ ಎಂದು ಲೆಕ್ಕ ಹಾಕಿ ಅಲ್ಲಿಟ್ಟಿದ್ದರು. ಎಂಜಿನಿಯರ್ ತಲೆ. ಶಾಲೆಯಿಂದ ಬಂದ ಮಗಳು ಗೆಳತಿ ಜೆನ್ನಿಯನ್ನು ಕರೆದುಕೊಂಡು ಬಂದು ಅಮ್ಮನ ಸೀರೆ ಸುತ್ತಿಕೊಂಡು ಆಡುತ್ತಾಳೆ ಎನ್ನುವುದು ಆ ಲೆಕ್ಕದಲ್ಲಿ ಬಂದಿರಲಿಲ್ಲ.

"ನೀನು ಅದನ್ನ ಮುಟ್ಟಿದ್ಯಾ?" ಎಂದು ಕೇಳಿದೆ.

"ಜಸ್ಟ್ ಒನ್ಸ್. ಜೆನ್ನಿ ಟೂ."

ನಾನು ನಮ್ಮವರ ಕಡೆ ತಿರುಗಿದೆ. "ಟ್ರಂಕಿನೊಳಗ ಇದ್ದಾಗ ಗುಂಡು ಇತ್ತೇನು?"

ಅವರು ಸ್ಪೇರ್ ಟೈರಿನ ಮೇಲೆ ಕುಳಿತುಬಿಟ್ಟರು.

ಅಲ್ಲಿ ನಿಂತಾಗ ನನಗೆ ತಿಳಿದದ್ದು ಇಷ್ಟು. ಆರು ತಿಂಗಳಿಂದ ಎಲ್ಲರೂ ಡಗ್‌ನ ತಲೆಯೊಳಗೆ ಕಾರಣ ಹುಡುಕುತ್ತಿದ್ದೆವು. ಅದು ನನ್ನ ಧಾರೆ ಸೀರೆಯ ಮಡಿಕೆಯಲ್ಲೂ ಇತ್ತು. ಹುಚ್ಚಿಲ್ಲದ, ಕೆಲಸ ಹೋಗದ, ಹೆಂಡತಿಗೆ ಜಡೆ ಹೆಣೆಯುವ ಒಬ್ಬ ಸಾಧು ಮನುಷ್ಯ ಬರೀ ಹೆದರಿಕೆಯಿಂದ ಅದನ್ನು ಮನೆಗೆ ತಂದಿದ್ದರು. ಡಗ್ ಕೂಡ ತನ್ನ ಬಂದೂಕು ಕೊಂಡ ದಿನ ಯಾರಿಗಾದರೂ ಹೆದರಿಯೇ ಕೊಂಡನೋ ಏನೋ. ಒಬ್ಬ ಗುಂಡು ಹಾರಿಸಿದರೆ ನೂರು ಜನ ಹೆದರುತ್ತಾರೆ, ಹೆದರಿದವರು ಅಂಗಡಿಗೆ ಹೋಗುತ್ತಾರೆ. ಮುಂದಿನವನು ಆ ನೂರರಲ್ಲಿ ಯಾವ ಮನೆಯವನು ಎಂದು ಯಾವ ಜಾತಕ ಹೇಳೀತು?

"ಪೂಜೆ ಆಮ್ಯಾಲ ಮಾಡೋಣು," ಎಂದೆ. "ಮೊದಲ ಇದನ್ನ ಮನಿಯಿಂದ ಹೊರಗ ಹಾಕ್ರಿ. ಇಲ್ಲಾ ನನ್ನ, ನನ್ನ ಮಗಳನ್ನ ಹಾಕ್ರಿ."

ಅವರು ಎದ್ದು, ಹೂ ತೆಗೆದು ಬದಿಗಿಟ್ಟು, ಪಿಸ್ತೂಲನ್ನು ಶೂ ಬಾಕ್ಸಿಗೆ ಹಾಕಿದರು. ಅಂಗಡಿಗೆ ಹಿಂತಿರುಗಿಸೋಣ ಎಂದರು. ನಾನು ಒಪ್ಪಲಿಲ್ಲ. ಅಂಗಡಿಯವನು ಅದನ್ನು ಇನ್ನೊಬ್ಬ ಹೆದರಿದವನಿಗೆ ಮಾರುತ್ತಾನೆ. ಪೊಲೀಸರಿಗೆ ಫೋನು ಮಾಡಿ ಕೇಳಿ, ಅವರು ಹೇಳಿದಂತೆ ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು ಸ್ಟೇಷನ್ನಿಗೆ ಹೋದೆವು. ನಾಶ ಮಾಡುತ್ತೀರಾ ಎಂದು ಮೂರು ಸಲ ಕೇಳಿದೆ. ಮಾಡುತ್ತೇವಮ್ಮ ಎಂದು ಕೌಂಟರಿನ ಆಫೀಸರ್ ಮೂರು ಸಲವೂ ಹೇಳಿದ. ಬರುವಾಗ ಕಾರಿನಲ್ಲಿ ನಮ್ಮವರು ಅತ್ತರು. ನಾನು ನನ್ನ ಸ್ಪ್ಲಿಂಟಿನ ಕೈಯನ್ನು ಅವರ ತೊಡೆಯ ಮೇಲಿಟ್ಟೆ. ಬೈಯುವುದಿನ್ನೂ ಬಾಕಿ ಇತ್ತು, ಆದರೆ ಅವತ್ತು ಬೈಯಲಿಲ್ಲ.

ಇನ್ನೊಂದು ಕೆಲಸ ಉಳಿದಿತ್ತು. ಅದು ಗುಂಡಿಗಿಂತ ಕಷ್ಟ. ಎರಡು ಮನೆ ಆಚೆ ಇರುವ ಜೆನ್ನಿಯ ತಾಯಿ ಕ್ಯಾರಲ್‌ಗೆ, ನಿಮ್ಮ ಮಗು ನಮ್ಮ ಮನೆಯಲ್ಲಿ ಗುಂಡು ತುಂಬಿದ ಪಿಸ್ತೂಲು ಮುಟ್ಟಿತು ಎಂದು ಹೇಳಬೇಕು. ಬೇಡ, ಸುಮ್ಮನಿರು ಎಂದರು ನಮ್ಮವರು. ನಾನು ಸುಮ್ಮನಿರಲಿಲ್ಲ. ಮರುದಿನ ಹೋಗಿ ಬಾಗಿಲಲ್ಲೇ ನಿಂತು ಹೇಳಿದೆ. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಆಕೆ ಕಿರುಚುತ್ತಾಳೆ, ಪೊಲೀಸರನ್ನು ಕರೆಯುತ್ತಾಳೆ ಎಂದುಕೊಂಡಿದ್ದೆ.

ಕ್ಯಾರಲ್ ನನ್ನ ಭುಜ ತಟ್ಟಿದಳು. "ಅಯ್ಯೋ, ಅದಕ್ಕೆಲ್ಲ ಚಿಂತೆ ಮಾಡಬೇಡಿ. ನಮ್ಮದೂ ಒಂದು ಇದೆ, ಮಂಚದ ಪಕ್ಕದ ಡ್ರಾಯರಿನಲ್ಲಿ. ಜೆನ್ನಿಗೆ ಗೊತ್ತು, ಅದನ್ನು ಮುಟ್ಟಬಾರದು ಅಂತ."

ನಂದಿನಿ ಆ ಮನೆಯಲ್ಲಿ ಎರಡು ವರ್ಷದಿಂದ ಆಡುತ್ತಿದ್ದಾಳೆ.

"ಇನ್ನು ಮೇಲೆ ಮಕ್ಕಳು ನಮ್ಮ ಮನೆಯಲ್ಲೇ ಆಡಲಿ," ಎಂದೆ. "ದಿನಾ ಬರಲಿ. ನಾನಂತೂ ಮನೆಯಲ್ಲೇ ಇರುತ್ತೇನೆ." ಕ್ಯಾರಲ್‌ಗೆ ಸ್ವಲ್ಪ ಬೇಸರವಾಯಿತು. ಆದರೆ ಜೆನ್ನಿ ಬರುತ್ತಾಳೆ. ದೋಸೆಗೆ ಕೆಚಪ್ ಹಚ್ಚಿಕೊಂಡು ತಿನ್ನುತ್ತಾಳೆ.

ಈಗ ನವೆಂಬರ್. ಕೈ ಅರ್ಧ ಎದ್ದಿದೆ. ಪೂರ್ತಿ ಏಳುವುದು ಅನುಮಾನ ಎಂದು ಸರ್ಜನ್ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಆ ತೆಳ್ಳಗಿನ ತಂತಿ ಹಿಡಿಯಲು ಬರಲಿಕ್ಕಿಲ್ಲ. ಬೇರೆ ಕೆಲಸ ಕಲಿಯುತ್ತೇನೆ. ಬದುಕಿದ್ದೇನೆ, ಅನ್ನ ಮತ್ತೆ ಬಲಗೈಯಲ್ಲಿ ಕಲಸುತ್ತೇನೆ, ಮರ್ಲಿನ್‌ಗೆ ಋಣಿ, ವಕ್ರ ಜಡೆ ಹಾಕುವವರಿಗೂ ಋಣಿ. ಇಲ್ಲಿಂದ ಓಡಿಹೋಗುವುದಿಲ್ಲ. ಈ ದೇಶಕ್ಕೆ ನನ್ನ ರಕ್ತ ಸಾಕಷ್ಟು ಕೊಟ್ಟಿದ್ದೇನೆ, ಪ್ರಶ್ನೆ ಕೇಳುವ ಹಕ್ಕು ನನಗಿದೆ.

ಕೇಳುತ್ತಲೂ ಇದ್ದೇನೆ. ನಮ್ಮಂಥ ಸಸ್ಯಾಹಾರಿ ಅಮ್ಮಂದಿರು ಇಲ್ಲಿ ಪ್ರತಿ ಬರ್ತ್‌ಡೇ ಪಾರ್ಟಿಗೂ ಮೊದಲು ಫೋನು ಮಾಡಿ, ಕೇಕಿನಲ್ಲಿ ಮೊಟ್ಟೆ ಇದೆಯಾ ಎಂದು ಕೇಳುತ್ತೇವೆ. ಅವರು ನಗಲಿ, ಬೇಜಾರಾಗಲಿ, ಕೇಳಿಯೇ ಕೇಳುತ್ತೇವೆ. ಮೊಟ್ಟೆ ಇದೆಯಾ ಎನ್ನಲು ನಾಚದವಳು ಬಂದೂಕು ಇದೆಯಾ ಎನ್ನಲು ಏಕೆ ನಾಚಲಿ? ಇಬ್ಬರು ಫೋನು ಕುಕ್ಕಿದ್ದಾರೆ. ಇಬ್ಬರು ಇಲ್ಲವೆಂದಿದ್ದಾರೆ. ಒಬ್ಬರು ಇದೆ, ಬೀಗ ಹಾಕಿದ್ದೇವೆ ಎಂದರು. ನಂದಿನಿ ಅಲ್ಲಿಗೆ ಹೋಗಲಿಲ್ಲ, ಅತ್ತಳು, ಅಳಲಿ.

ನಿನ್ನೆ ಅವಳ ಕ್ಲಾಸಿನ ಇನ್ನೊಬ್ಬ ಹುಡುಗಿಯ ಮನೆಗೆ ಫೋನು ಮಾಡಿದೆ. ತಾಯಿ ಎತ್ತಿದಳು. ಕೇಕಿನಲ್ಲಿ ಮೊಟ್ಟೆ ಇದೆ, ಆದರೆ ಐಸ್‌ಕ್ರೀಮ್ ಇರುತ್ತದೆ ಎಂದಳು. ಸಂತೋಷ ಎಂದೆ. "ಇನ್ನೊಂದು ಪ್ರಶ್ನೆ. ನಿಮ್ಮ ಮನೆಯಲ್ಲಿ ಬಂದೂಕು ಇದೆಯಾ?"

ಇವಳೂ ಫೋನು ಕುಕ್ಕುತ್ತಾಳೆ ಎಂದುಕೊಂಡೆ.

"ನನಗೆ ಗೊತ್ತಿಲ್ಲ," ಎಂದಳು ಆಕೆ, ಸಣ್ಣ ದನಿಯಲ್ಲಿ. "ನನ್ನ ಗಂಡನನ್ನು ಕೇಳಬೇಕು."

"ಹೋಗಿ ಕೇಳಿ ಬನ್ನಿ," ಎಂದೆ. "ನಾನು ಫೋನು ಇಡುವುದಿಲ್ಲ."