ಬ್ಯಾಂಕಿನ ಜಗಲಿ

ಕಳೆದ ಮಂಗಳವಾರ ನನ್ನನ್ನು ಒಂದು ಕಲ್ಲಿನ ಮೇಲಿಂದ ಎಬ್ಬಿಸಲು ಸೂಟು ಹಾಕಿದ ಮನುಷ್ಯನೊಬ್ಬ ಬಂದಿದ್ದ. ನಾನು ಏಳಲಿಲ್ಲ.

ಯಾವ ಕಲ್ಲು? ಹೇಳುತ್ತೇನೆ. ನಾವಿರುವುದು ಐರ್ಲೆಂಡಿನ ಡೊನೆಗಾಲ್ ಕಡೆಯ ಸಣ್ಣ ಊರು. ಇರುವುದೊಂದೇ ದೊಡ್ಡ ಬೀದಿ. ಅಲ್ಲಿ ನೂರು ವರ್ಷಕ್ಕೂ ಹಳೆಯ ಬ್ಯಾಂಕ್ ಕಟ್ಟಡ. ಕಂಬ, ಕಮಾನು, ನಿಂತುಹೋದ ಗಡಿಯಾರ, ಎಲ್ಲ ಇದೆ. ಬ್ಯಾಂಕ್ ಮಾತ್ರ ಇಲ್ಲ (ಅದು ಫೋನಿನೊಳಗೆ ಹೋಗಿ ವರ್ಷಗಳಾದವು). ಕಿಟಕಿಗಳ ಕೆಳಗೆ ಮೊಣಕಾಲೆತ್ತರದ ಕಲ್ಲಿನ ಕಟ್ಟೆ. ನಮ್ಮ ಲೆಕ್ಕದಲ್ಲಿ ಜಗಲಿ. ಲೆಟರ್‌ಕೆನ್ನಿಯ ಆಸ್ಪತ್ರೆಗೆ ಹೋಗುವ ಬಸ್ಸು ನಿಲ್ಲುವುದು ಅದರೆದುರೇ. ಸ್ಟಾಪಿಗೆ ಒಂದು ಬೋರ್ಡು ಬಿಟ್ಟರೆ ಬೆಂಚಿಲ್ಲ, ಸೂರಿಲ್ಲ.

ಆಸ್ಪತ್ರೆಯ ಲಾಂಡ್ರಿಯಲ್ಲಿ ನನ್ನ ಕೆಲಸ. ಅದೇ ಬಸ್ಸಿಗೆ ನೊರೀನ್ ಅಜ್ಜಿ ಡಯಾಲಿಸಿಸ್‌ಗೆಂದು ಬರುತ್ತಾರೆ. ಇಬ್ಬರೂ ಜಗಲಿಯಲ್ಲಿ ಕೂತು ಹವಾಮಾನವನ್ನು ಬೈಯುವುದು ರೂಢಿ.

ಈಗ ಕಟ್ಟಡ ಮಾರಾಟವಾಗಿದೆ. ಹೋಟೆಲ್ ಆಗುತ್ತದಂತೆ. ಮಂಗಳವಾರ ಹೋಗಿ ನೋಡಿದರೆ ಜಗಲಿಯ ತುಂಬ ಹೂವಿನ ತೊಟ್ಟಿಗಳು. ಚೆಂದವೇ. ಆದರೆ ಒಂದು ಅಂಗೈಯಗಲ ಜಾಗವೂ ಉಳಿಯದಂತೆ ಸಾಲಾಗಿ ಇಟ್ಟದ್ದು ಯಾಕೆ? ನೊರೀನ್ ಕೋಲೂರಿಕೊಂಡು ಗೋಡೆಗೆ ಒರಗಿದ್ದರು. ಕಾಲು ನಡುಗುತ್ತಿತ್ತು. ಕೇಳಿದರೆ, ‘ಐ ಆಮ್ ಗ್ರ್ಯಾಂಡ್’, ಚೆನ್ನಾಗೇ ಇದ್ದೀನಿ, ಅಂದರು. (ಇಲ್ಲಿನವರು ಪ್ರಾಣ ಹೋಗುವಾಗಲೂ ಗ್ರ್ಯಾಂಡ್ ಆಗಿಯೇ ಇರುತ್ತಾರೆ.)

ನಾನು ಬೀರೂರಿನವನು. ನಮ್ಮ ಪೇಟೆಯಲ್ಲಿ ಅಂಗಡಿ ಸಾಹುಕಾರರದ್ದು, ಜಗಲಿ ಬೀದಿಯವರದ್ದು. ವಯಸ್ಸು ಇಪ್ಪತ್ತೈದು ದಾಟಿದ ಮೇಲೆ ನಾನು ಎಸ್ಸೆಸ್ಸೆಲ್ಸಿಗೆ ಓದಿದ್ದೇ ಬಟ್ಟೆ ಅಂಗಡಿಯ ಜಗಲಿಯಲ್ಲಿ. ಏಳಯ್ಯ ಅಂತ ಆ ಸಾಹುಕಾರರು ಒಂದು ದಿನವೂ ಅನ್ನಲಿಲ್ಲ.

ತೊಟ್ಟಿಗಳನ್ನೆತ್ತಿ ಕೆಳಗಿಟ್ಟೆ. ಹೂವಿಗೇನೂ ಆಗಲಿಲ್ಲ. ನೊರೀನ್ ಅವರನ್ನು ಕೂರಿಸಿ ಪಕ್ಕದಲ್ಲಿ ನಾನೂ ಕೂತೆ. ಶಾಲೆಗೆ ರಜೆಯೆಂದು ಜೊತೆಗೆ ಬಂದಿದ್ದ ಮಗಳು ನಾಚಿಕೊಂಡು ದೂರ ನಿಂತಳು. ಇಲ್ಲೇ ಹುಟ್ಟಿದವಳು.

‘ಅಪ್ಪಾ, ಇಟ್ಸ್ ಪ್ರೈವೇಟ್ ಪ್ರಾಪರ್ಟಿ.’

‘ಗೊತ್ತು ಕಣಮ್ಮ. ಮನೆಗೆ ಹೊತ್ಕೊಂಡು ಹೋಗ್ತಿದೀನಾ? ಕೂತಿದೀನಿ ಅಷ್ಟೇ.’

ಆಗ ಒಳಗಿಂದ ಬಂದ, ಸೂಟಿನವನು. ಹೊಸ ಮಾಲೀಕರ ಕಡೆಯವನು. ಬಹಳ ನಯವಾಗಿಯೇ ಮಾತಾಡಿದ. ಇದು ಐತಿಹಾಸಿಕ ಕಟ್ಟಡ, ಕೂತರೆ ಕಲ್ಲು ಸವೆಯುತ್ತದೆ, ಕಾಪಾಡುವುದು ನಮ್ಮೆಲ್ಲರ ಜವಾಬ್ದಾರಿ ಎಂದೆಲ್ಲ ಹೇಳಿದ. ಬಸ್ಸು ಬರುವವರೆಗೆ ದಯವಿಟ್ಟು ನಿಂತಿರಿ ಅಂದ.

ಡಯಾಲಿಸಿಸ್‌ಗೆ ಹೊರಟವರು ನಿಂತಿರಬೇಕೇ? ಹೂವು ಕೂತಿರಬೇಕೇ?

ನಾನು ಕಲ್ಲಿನ ನಡುಭಾಗ ತೋರಿಸಿದೆ. ಅಲ್ಲಿ ನುಣ್ಣಗೆ ತಗ್ಗಾಗಿದೆ. ಇಷ್ಟು ಸವೆಸಿದ್ದು ಯಾರು, ಮೇಲಿನ ಗಡಿಯಾರವೇ ಎಂದು ಕೇಳಿದೆ. ಅವನು ಫೋನ್ ನೋಡಿಕೊಂಡ.

ಉತ್ತರ ಕೊಟ್ಟವರು ನೊರೀನ್. ಅವರ ತಾಯಿಗೆ ಈ ಬ್ಯಾಂಕಿನಲ್ಲಿ ಖಾತೆಯೇ ಇರಲಿಲ್ಲವಂತೆ. ಒಳಗೆ ಕಾಲಿಟ್ಟವರೇ ಅಲ್ಲ. ಸಂತೆಯ ದಿನ ಮೊಟ್ಟೆಯ ಬುಟ್ಟಿ ಇಟ್ಟುಕೊಂಡು ಇಲ್ಲೇ ಕೂರುತ್ತಿದ್ದರು.

‘ನಮ್ಮಮ್ಮ ಕೂತು ಸವೆಸಿದ ಕಲ್ಲು ಮಗಾ ಇದು’ ಎಂಬಂತೆ ಹೇಳಿದರು ಇಂಗ್ಲಿಷಿನಲ್ಲಿ. ‘ನೀನು ಬೇಕಾದ್ರೆ ನಿಂತ್ಕೋ.’

ನನ್ನ ಮಗಳು ಮೆಲ್ಲಗೆ ಹತ್ತಿರ ಬಂದಳು. ಕನ್ನಡದಲ್ಲೇ ಅಂದಳು, ‘ಅಪ್ಪ, ಸ್ವಲ್ಪ ಸರ್ಕೋ.’ ಉಳಿದಿದ್ದ ಜಾಗವೂ ತುಂಬಿತು.

ಬರುವ ಸೋಮವಾರ ಜಗಲಿಗೆ ಕಬ್ಬಿಣದ ಮುಳ್ಳು ಹೊಡೆಸುತ್ತೇವೆ ಎಂದು ಹೇಳಿ ಅವನು ಒಳಗೆ ಹೋದ.

ಹೊಡೆಸಲಿ. ಹೊಡೆಯುವುದಕ್ಕೆ ಮೊದಲು ಜಗಲಿ ಖಾಲಿ ಇರಬೇಕಲ್ಲ?